ಐದು ನಕ್ಷತ್ರಕ್ಕೆ ನೂರು ರೂಪಾಯಿ

*ಮಾನ್ಯ ಸಂಪಾದಕರೇ, ಫೋನಿನಲ್ಲಿ 'ಅಸಲಿ ಉಡುಪಿ ಕೈಮಗ್ಗದ ಸೀರೆ' ಎಂದಿದ್ದುದನ್ನು ನೋಡಿ 699 ರೂಪಾಯಿಗೆ ತರಿಸಿದೆ. ಬಂದದ್ದು ಯಾವುದೋ ನುಣುಪಿನ ಬಟ್ಟೆ. ಪೊಟ್ಟಣದಲ್ಲಿ ಒಂದು ಚೀಟಿಯಿತ್ತು: ಐದು ನಕ್ಷತ್ರ ಕೊಟ್ಟು ಅದರ ಚಿತ್ರ ಕಳುಹಿಸಿದರೆ ನೂರು ರೂಪಾಯಿ ವಾಪಸು. ಅಷ್ಟಾದರೂ ಬರಲಿ ಎಂದು ಕೊಟ್ಟೆ. ನೂರು ರೂಪಾಯಿಯೂ ಬರಲಿಲ್ಲ. ಮಾರಿದವನ ಮೇಲೆ ಕ್ರಮ ಸಾಧ್ಯವೇ? ಸೀರೆಯ ನಾಲ್ಕು ಎಳೆಗಳನ್ನು ಲಗತ್ತಿಸಿದ್ದೇನೆ. — ಓದುಗರೊಬ್ಬರು, ಕಟಪಾಡಿ*

ನೀವು ಕಳುಹಿಸಿದ ಎಳೆಗಳಲ್ಲಿ ಒಂದನ್ನು ಕಚೇರಿಯ ಕಿಟಕಿಯ ಬಳಿ ಹಿಡಿದು ಬೆಂಕಿಕಡ್ಡಿ ಗೀರಿದೆ. ಹತ್ತಿಯಾಗಿದ್ದರೆ ಕಾಗದದಂತೆ ಉರಿದು, ಮುಟ್ಟಿದರೆ ಉದುರುವ ಬೂದಿಯಾಗಬೇಕಿತ್ತು. ಇದು ಮುದುಡಿ, ಕರಗಿ, ಸಾಸಿವೆ ಕಾಳಿನಷ್ಟು ಗಟ್ಟಿಯಾದ ಕಪ್ಪು ಗುಂಡಾಯಿತು. ಪಾಲಿಯೆಸ್ಟರ್! ಉಡುಪಿ ಸೀರೆ ಹತ್ತಿಯದು, ಊರಿನ ಹೆಸರನ್ನು ಆ ಊರಿನ ಸರಕಿಗೇ ಮೀಸಲಿಡುವ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದದ್ದು. ಆ ಹೆಸರನ್ನು ಬೇರೊಂದು ಬಟ್ಟೆಗೆ ಅಂಟಿಸಿ ಮಾರುವುದನ್ನು ವ್ಯಾಪಾರದ ಬಡಾಯಿ ಎಂದು ನಕ್ಕು ಬಿಡುವಂತಿಲ್ಲ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯಲ್ಲಿ ಅದು ಅಪರಾಧ.

ಮಾರಾಟಗಾರರ ಪರವಾಗಿಯೂ ಒಂದು ಮಾತು ಹೇಳಬೇಕು. ಮದುವೆಗೆ ಉಟ್ಟು ಮರುದಿನ ಹಿಂದಿರುಗಿಸುವ ಗಿರಾಕಿಗಳಿದ್ದಾರೆ, ಅವರಿಂದ ಸೋತ ಪ್ರಾಮಾಣಿಕ ಸಣ್ಣ ವ್ಯಾಪಾರಿಗಳೂ ಇದ್ದಾರೆ. ಹೇಳಿದ್ದಾಯಿತು.

ನೀವು ಕೊಂಡ ಪುಟವನ್ನು ನಾನೂ ತೆರೆದು ನೋಡಿದೆ. 3,999 ಎಂಬುದಕ್ಕೆ ಕಾಟು ಹೊಡೆದು 699 ಎಂದು ಬರೆದಿದ್ದಾರೆ. ಈ ಹಣದಲ್ಲಿ ನೂಲು, ಬಣ್ಣ, ಸಾಗಾಟ ಕಳೆದರೆ ನೇಕಾರನ ಕೂಲಿಗೆ ಏನು ಉಳಿದೀತು ಎಂದು ನೀವಾದರೂ ಯೋಚಿಸಬೇಕಿತ್ತು. ವಿಮರ್ಶೆಗಳನ್ನು ಓದುತ್ತ ಕೆಳಗಿಳಿದರೆ ಪುಣ್ಯಾತ್ಮರೊಬ್ಬರು 'ಮುಚ್ಚಳ ಬಿಗಿಯಾಗಿದೆ, ಸಾಂಬಾರು ಚೆಲ್ಲುವುದಿಲ್ಲ' ಎಂದು ಮೆಚ್ಚಿಕೊಂಡಿದ್ದಾರೆ. ಸೀರೆಗೆ ಮುಚ್ಚಳವೆಲ್ಲಿಂದ ಬಂತು? ಊಟದ ಡಬ್ಬಿ ಮಾರುತ್ತಿದ್ದ ಹಳೆಯ ಪುಟದಲ್ಲಿ ಹೆಸರನ್ನೂ ಚಿತ್ರವನ್ನೂ ಬದಲಿಸಿ ಸೀರೆಯನ್ನು ಕೂರಿಸಿದ್ದಾರೆ. ಡಬ್ಬಿ ದುಡಿದು ಗಳಿಸಿದ ನಕ್ಷತ್ರಗಳನ್ನು ಪಾಲಿಯೆಸ್ಟರ್ ಸೀರೆ ಕೂತಲ್ಲೇ ಅನುಭವಿಸುತ್ತಿದೆ. ಮಾರುಕಟ್ಟೆ ನಡೆಸುವ ಕಂಪನಿಗಳನ್ನು ಕೇಳಿದರೆ ನಾವು ಮಧ್ಯವರ್ತಿಗಳು ಮಾತ್ರ ಎನ್ನುತ್ತವೆ, ಕಮಿಷನ್ ಮುರಿದುಕೊಳ್ಳುವಾಗ ಆ ಸಂಕೋಚ ಕಾಣುವುದಿಲ್ಲ.

ನಿಮ್ಮೂರಿನ ಮಗ್ಗುಲಲ್ಲೇ ಮಲ್ಲಿಗೆಗೆ ಹೆಸರಾದ ಶಂಕರಪುರವಿದೆ. 800 ಮಲ್ಲಿಗೆಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆ ಕೊಂಡವರು ಮನೆಗೆ ಹೋಗಿ 3,200 ಹೂ ಎಣಿಸಿದ್ದನ್ನು ನಾನು ಕೇಳಿಲ್ಲ. ಹೂ ಕಟ್ಟಿದವರು ಯಾವ ಮನೆಯವರೆಂದು ಅದನ್ನು ಕೊಳ್ಳುವ ವ್ಯಾಪಾರಿಗಳ ಕಟ್ಟೆಗೆ ಗೊತ್ತಿರುತ್ತದೆ, ಕಟ್ಟೆಗೆ ಗೊತ್ತಿದೆಯೆಂಬುದು ಕಟ್ಟಿದವರಿಗೂ ಗೊತ್ತಿರುತ್ತದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದ ಉಡುಪಿ ಸೀರೆಯೂ ಹಾಗೆಯೇ. ಮೂಲ್ಕಿಯ ಮೇಲೆ ಬಸ್ಸಿನಲ್ಲಿ ಹೋಗಿ, ಮಡಿಕೆ ಬಿಚ್ಚಿಸಿ, ಬೆರಳಿನಿಂದ ಮುಟ್ಟಿ ತರಬಹುದಾದದ್ದನ್ನು ನೀವು ಹಾಸಿಗೆಯಲ್ಲಿ ಮಲಗಿ ತರಿಸಿದಿರಿ.

ಅದನ್ನಾದರೂ ಮನ್ನಿಸಬಹುದು. ಆ ಐದು ನಕ್ಷತ್ರಗಳನ್ನು ಮಾತ್ರ ನನಗೆ ನುಂಗಿಕೊಳ್ಳಲಾಗುತ್ತಿಲ್ಲ. 2020ರ ಇ-ವಾಣಿಜ್ಯ ನಿಯಮಗಳಲ್ಲಿ, ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ವಿಮರ್ಶೆ ಬರೆಯಬಾರದು ಎಂದಿದೆ. ಆದ್ದರಿಂದಲೇ ಅವನು ಬರೆಯುವುದಿಲ್ಲ, ನಿಮ್ಮ ಕೈಯಿಂದ ಬರೆಸುತ್ತಾನೆ. ಕಾಪುವಿನಲ್ಲೋ ಕಾರ್ಕಳದಲ್ಲೋ ಇನ್ನೊಬ್ಬಾಕೆ ನಿಮ್ಮ ನಕ್ಷತ್ರ ನೋಡಿ, ಊರಿನವರೇ ಹೊಗಳಿದ್ದಾರಲ್ಲ ಎಂದು ಅದೇ ಸೀರೆಗೆ ಹಣ ಕಟ್ಟುತ್ತಾಳೆ. ಅವಳಿಗೆ ಸುಳ್ಳು ಸಾಕ್ಷಿ ಹೇಳಿದವರು ನೀವು, ಅದೂ ಸಾಲಕ್ಕೆ! ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಗ್ರಾಹಕ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿದಾಗ ಅದರ ಪಾಲನೆಯನ್ನು ಕಂಪನಿಗಳ ಇಚ್ಛೆಗೆ ಬಿಟ್ಟಿತು. ಹೆಲ್ಮೆಟ್ಟನ್ನೂ ಹಾಗೆ ಬಿಟ್ಟಿದ್ದರೆ ಎಷ್ಟು ಮಂದಿ ಹಾಕುತ್ತಿದ್ದರು?

ಕೊಂಡ ಹೊಗಳಿಕೆಯ ಈ ಚಾಳಿ ಸೀರೆಗಷ್ಟೇ ಸೀಮಿತವಲ್ಲ. ನಮ್ಮ ಕಚೇರಿಗೆ ವಿಮರ್ಶೆಗೆಂದು ಬರುವ ಪುಸ್ತಕಗಳ ಜತೆಗೆ ಈಗೀಗ ಲೇಖಕರೇ ಬರೆದು, ವಿಮರ್ಶಕರ ಹೆಸರಿಗೆ ಜಾಗ ಬಿಟ್ಟ ವಿಮರ್ಶೆಯೂ ಬರುತ್ತದೆ. ಒಮ್ಮೆ ಒಂದು ಕಿಲೋ ಗೋಡಂಬಿಯೂ ಬಂದಿತ್ತು. ಗೋಡಂಬಿ ಚೆನ್ನಾಗಿತ್ತು. ಪುಸ್ತಕದ ಬಗ್ಗೆ ನಾವು ಏನನ್ನೂ ಬರೆಯಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಮರಳಿ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಅದೇ ನಿಯಮಗಳು ಹೇಳುತ್ತವೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳಲ್ಲಿ ಅವರು ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಮಣಿಯದಿದ್ದರೆ, ಮಾರಿದವನು ಯಾವ ರಾಜ್ಯದಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಉಡುಪಿ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಆದರೆ ಇವತ್ತು ಸಂಜೆಯೊಳಗೆ ಆ ಐದು ನಕ್ಷತ್ರಗಳನ್ನು ಒಂದಕ್ಕೆ ಇಳಿಸಿ, ಚೀಟಿಯ ಚಿತ್ರವನ್ನೂ ಅದರ ಕೆಳಗೆ ಹಾಕಿರಿ. ಉಳಿದ ಮೂರು ಎಳೆಗಳನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ, ದೂರಿಗೆ ಬೇಕಾದಾವು. — ಸಂ.