ಸಂಪಾದಕರ ಉತ್ತರ: ಮೌತ್ ಆರ್ಗನ್ನಿನಲ್ಲಿ ರೈಲು ಓಡಿಸಿದವರು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಹಳೆಯ ರೇಡಿಯೊ ಕಲಾವಿದರ ಬಗ್ಗೆ ಬರೆಯುವಾಗ ಅಮೆರಿಕದ ಡಿಫೋರ್ಡ್ ಬೈಲಿಯವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಹೊಸ ಹಾಡು ಕಲಿಯಲು ಸೋಮಾರಿತನ ಮಾಡಿದರು, ಅದಕ್ಕೇ ರೇಡಿಯೊದವರು ತೆಗೆದುಹಾಕಿದರು ಎಂದು ಓದಿದ್ದೇನೆ, ನಿಜವೇ? ಇನ್ನೊಂದು: ಅವರ ರೈಲಿನ ತುಣುಕನ್ನು ನನ್ನ 24 ತೂತಿನ ಮೌತ್ ಆರ್ಗನ್ನಿನಲ್ಲಿ ಎರಡು ತಿಂಗಳಿಂದ ನುಡಿಸಲು ನೋಡುತ್ತಿದ್ದೇನೆ. ಸದ್ದು ಬರುತ್ತದೆ, ರೈಲು ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?"

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇವೆ, ಅದು ಸುಲಭ. ತಪ್ಪು ನಿಮ್ಮದಲ್ಲ, ವಾದ್ಯದ್ದು. ನಿಮ್ಮ ಕೈಯಲ್ಲಿರುವುದು ಟ್ರೆಮೊಲೊ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದೂ ಅದೇ. ಅದರಲ್ಲಿ ಪ್ರತಿ ಸ್ವರಕ್ಕೂ ಮೇಲೊಂದು ಕೆಳಗೊಂದು ರೀಡು (ಉಸಿರಿಗೆ ಕಂಪಿಸುವ ತೆಳು ಲೋಹದ ಪಟ್ಟಿ). ಎರಡಕ್ಕೂ ಬೇಕೆಂದೇ ಕೂದಲೆಳೆಯಷ್ಟು ಶ್ರುತಿಭೇದ ಇಟ್ಟಿರುತ್ತಾರೆ. ಸ್ವರ ಅಲೆಯಲೆಯಾಗಿ ನಡುಗುವುದು ಅದರಿಂದಲೇ. ಹಳೆಯ ಸಿನಿಮಾ ಹಾಡಿಗೆ ಇದು ಚೆಂದ. ಆದರೆ ಇದರಲ್ಲಿ ಊದುವ ಸ್ವರಕ್ಕೂ ಉಸಿರೆಳೆಯುವ ಸ್ವರಕ್ಕೂ ಬೇರೆಬೇರೆ ಮನೆ. ಬೈಲಿಯವರ ಹತ್ತು ತೂತಿನ ಮೌತ್ ಆರ್ಗನ್ನಾದ ಡಯಟಾನಿಕ್‌ನಲ್ಲಿ ಊದುವ ರೀಡೂ ಎಳೆಯುವ ರೀಡೂ ಒಂದೇ ಗೂಡಿನಲ್ಲಿರುತ್ತವೆ. ಎಳೆಯುವಾಗ ನಾಲಿಗೆಯನ್ನು ಹಿಂದಕ್ಕೆ ತಗ್ಗಿಸಿದರೆ ಅದೇ ಗೂಡಿನ ಊದುವ ರೀಡೂ ಸೇರಿಕೊಂಡು ಸ್ವರವನ್ನು ಕೆಳಕ್ಕೆ ಜಗ್ಗುತ್ತದೆ. ರೈಲಿನ ಶೀಟಿ ದೂರ ಹೋಗುತ್ತ ಇಳಿಯುವುದು ಹೀಗೆ. ಟ್ರೆಮೊಲೊದಲ್ಲಿ ಜಗ್ಗಲು ಜೊತೆಗಾರನೇ ಇಲ್ಲ.

ಹಾಗಾಗಿ 'ಸಿ' ಶ್ರುತಿಯ ಹತ್ತು ತೂತಿನದೊಂದನ್ನು ಕೊಳ್ಳಿ. 1, 2, 3ನೇ ತೂತುಗಳನ್ನು ಒಟ್ಟಿಗೆ ಬಾಯೊಳಗೆ ತೆಗೆದುಕೊಳ್ಳಿ. ಊದಿದರೆ ಸ-ಗ-ಪ, ಎಳೆದರೆ ರಿ-ಪ-ನಿ. ಎರಡು ಎಳೆತ, ಎರಡು ಊದು, ಪ್ರತಿಯೊಂದಕ್ಕೂ ನಾಲಿಗೆಯಲ್ಲಿ "ತಕ" ಎನ್ನಿ. ಮೆಟ್ರೋನೋಮ್ (ತಾಳ ತೋರಿಸುವ ಯಂತ್ರ) ನಿಮಿಷಕ್ಕೆ 60ಕ್ಕಿಟ್ಟು ಶುರುಮಾಡಿ. ಆ ಲಯ ಕೈಗೆ ಕೂತ ಮೇಲೆ ಮಾತ್ರ ವೇಗ ಏರಿಸಿ. ಮೊದಲ ದಿನಗಳಲ್ಲಿ 2ನೇ ತೂತಿನ ಎಳೆತ ಕೀರಲಾಗಿಯೋ ಕಟ್ಟಿಕೊಂಡೋ ಬರುತ್ತದೆ. ರೀಡು ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಓಡಬೇಡಿ. ನೀವು ಜೋರಾಗಿ ಹೀರುತ್ತಿದ್ದೀರಿ, ಅಷ್ಟೇ. ಉಸಿರು ಹೊಟ್ಟೆಯಿಂದ, ಆಕಳಿಸುವ ಹಾಗೆ ಸಡಿಲವಾಗಿ ಬರಬೇಕು.

ಶೀಟಿಗೆ 4 ಮತ್ತು 5ನೇ ತೂತುಗಳನ್ನು ಒಟ್ಟಿಗೆ ಎಳೆಯಿರಿ. ಬಲಗೈಯನ್ನು ಬಟ್ಟಲಿನಂತೆ ಮುಚ್ಚಿ ನಿಧಾನಕ್ಕೆ ತೆರೆಯಿರಿ. ಕೊನೆಯಲ್ಲಿ ದವಡೆ ಇಳಿಸಿದರೆ 4ನೆಯದು ಸುಮಾರು ಅರ್ಧ ಸ್ವರ ಜಾರುತ್ತದೆ. 5ನೆಯದು ಹೆಚ್ಚು ಜಾರುವುದಿಲ್ಲ, ಅದರ ಎರಡು ರೀಡುಗಳ ನಡುವೆ ಇರುವುದೇ ಅರ್ಧ ಸ್ವರದ ಅಂತರ. ಆ ಎರಡರ ತಿಕ್ಕಾಟವೇ ಉಗಿ ಎಂಜಿನ್ನಿನ ಶೀಟಿಯ ಒರಟುತನ ಕೊಡುವುದು. ಎಲ್ಲರೂ ಸೋಲುವುದು ಇದಾದ ಮೇಲೆ. ಶೀಟಿ ಪೂರ್ತಿ ಎಳೆತವಾದ್ದರಿಂದ ಎದೆ ತುಂಬಿಹೋಗಿ, ಚಕ್ರದ ಸದ್ದಿಗೆ ಮರಳುವಾಗ ಜಾಗವೇ ಉಳಿದಿರುವುದಿಲ್ಲ. ಮುಂದಿನ ಊದುಗಳಲ್ಲಿ ಮೂಗಿನಿಂದಲೂ ಉಸಿರು ಬಿಟ್ಟು ಎದೆ ಖಾಲಿಮಾಡಿಕೊಳ್ಳಿ. ನುಡಿಸಿ ಮುಗಿದ ಮೇಲೆ ತೂತು ಕೆಳಗಾಗಿ ಅಂಗೈಗೆ ತಟ್ಟಿ ಎಂಜಲು ಹೊರಹಾಕಿ. ತೂತುಗಳಿರುವ ನಡುಭಾಗ, ಅಂದರೆ 'ಬಾಚಣಿಗೆ', ಮರದ್ದಾದರೆ ಒದ್ದೆಯಾಗಿ ಉಬ್ಬಿ ತುಟಿ ಕೊಯ್ಯುತ್ತದೆ.

ಈಗ ಮೊದಲ ಪ್ರಶ್ನೆ. ಬೈಲಿ ಹುಟ್ಟಿದ್ದು 1899ರ ಡಿಸೆಂಬರ್ 14ರಂದು, ಟೆನೆಸೀ ರಾಜ್ಯದ ಸ್ಮಿತ್ ಕೌಂಟಿಯಲ್ಲಿ. ಮೂರನೇ ವಯಸ್ಸಿಗೆ ಪೋಲಿಯೊ. ಹಾಸಿಗೆ ಹಿಡಿದ ಆ ದಿನಗಳಲ್ಲಿ ಕೈಗೆ ಬಂದದ್ದು ಮೌತ್ ಆರ್ಗನ್. ಮಲಗಿದ್ದಲ್ಲೇ ನಾಯಿ, ಕೋಳಿ, ದೂರದ ರೈಲು ಎಲ್ಲವನ್ನೂ ಅದರಲ್ಲಿ ಅನುಕರಿಸಿದರು. ಬೆಳೆದಾಗಲೂ ಎತ್ತರ ಐದಡಿ ಮುಟ್ಟಲಿಲ್ಲ. ತಾತ ಊರಿಗೆ ಹೆಸರಾದ ಫಿಡಲ್ ವಾದಕ. ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿ ಸಂಗೀತ, ಬಿಳಿಯರದ್ದು ಎಂಬ ಮಾತು ಚಾಲ್ತಿಗೆ ಬರುವ ಮೊದಲೇ ಆ ಕಪ್ಪು ಮನೆತನದಲ್ಲಿ ಅದು ನಿತ್ಯದ ಊಟದಷ್ಟು ಸಹಜವಾಗಿತ್ತು.

ನ್ಯಾಶ್‌ವಿಲ್‌ನಲ್ಲಿ ಒಂದು ವಿಮಾ ಕಂಪನಿ ಡಬ್ಲ್ಯುಎಸ್ಎಂ ಎಂಬ ರೇಡಿಯೊ ಕೇಂದ್ರವನ್ನು 1925ರ ಅಕ್ಟೋಬರಿನಲ್ಲಿ ಆರಂಭಿಸಿತು. (ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಮನೆಯಿಂದ 'ಆಕಾಶವಾಣಿ' ಬಿತ್ತರಿಸಲು ಇನ್ನೂ ಹತ್ತು ವರ್ಷವಿತ್ತು.) ಶನಿವಾರ ರಾತ್ರಿಯ ಹಳ್ಳಿ ಸಂಗೀತದ ಕಾರ್ಯಕ್ರಮವನ್ನು ನಡೆಸುತ್ತಿದ್ದವರು ಜಾರ್ಜ್ ಡಿ. ಹೇ. ನ್ಯೂಯಾರ್ಕಿನಿಂದ ಬಂದ ಶಾಸ್ತ್ರೀಯ ಕಾರ್ಯಕ್ರಮ ಮುಗಿದೊಡನೆ ಬೈಲಿ ತಮ್ಮ ರೈಲಿನ ತುಣುಕು 'ಪ್ಯಾನ್ ಅಮೆರಿಕನ್ ಬ್ಲೂಸ್' ನುಡಿಸಿದರಂತೆ. ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು 'ಗ್ರ್ಯಾಂಡ್ ಓಲ್ ಆಪ್ರಿ' ಎಂದರಂತೆ ಹೇ ('ಆಪ್ರಿ' ಎಂದರೆ ಆಪೆರಾ ಪದದ ಹಳ್ಳಿ ಉಚ್ಚಾರ). ಇದು ಹೇ ಅವರೇ ಹೇಳಿಕೊಂಡು ಬಂದ ಕತೆ. ಇಂದಿಗೂ ನಡೆಯುವ ಕಾರ್ಯಕ್ರಮದ ಹೆಸರೇ ಬೈಲಿಯ ರೈಲಿನ ಬೆನ್ನಿಗೆ ಬಂದದ್ದು. ಪ್ಯಾನ್ ಅಮೆರಿಕನ್ ಎಂಬುದು ಸಿನ್ಸಿನಾಟಿಯಿಂದ ನ್ಯೂ ಆರ್ಲಿಯನ್ಸ್‌ಗೆ ನ್ಯಾಶ್‌ವಿಲ್ ಮೇಲೆ ಹೋಗುತ್ತಿದ್ದ ರೈಲು.

1928ರಲ್ಲಿ 52 ವಾರಗಳ ಪೈಕಿ 49ರಲ್ಲಿ ಬೈಲಿ ಮೈಕಿನ ಮುಂದಿದ್ದರು. ಬೇರೆ ಯಾರಿಗೂ ಅದರ ಹತ್ತಿರದ ಲೆಕ್ಕವಿರಲಿಲ್ಲ. ಅದೇ ವರ್ಷ ಧ್ವನಿಮುದ್ರಿಕೆಯ ವಿಕ್ಟರ್ ಕಂಪನಿ ನ್ಯಾಶ್‌ವಿಲ್‌ಗೆ ಬಂದು ಅವರ ಎಂಟು ತುಣುಕು ಮುದ್ರಿಸಿತು, ಬಿಡುಗಡೆ ಮಾಡಿದ್ದು ಮೂರು. 1932ರಲ್ಲಿ ಕೇಂದ್ರದ ಶಕ್ತಿ 50,000 ವಾಟ್‌ಗೆ ಏರಿತು. ಕತ್ತಲಾದ ಮೇಲೆ ಮೀಡಿಯಂ ವೇವ್ ಅಲೆಗಳು ಮೇಲಿನ ವಾತಾವರಣಕ್ಕೆ ಬಡಿದು ಹಿಂದಿರುಗುವುದರಿಂದ ಆ ವಾದ್ಯ ಹತ್ತಾರು ರಾಜ್ಯಗಳಿಗೆ ಕೇಳಿಸಿತು. ನುಡಿಸುವವರು ಕಪ್ಪು ಮನುಷ್ಯ ಎಂಬುದು ಬಹಳಷ್ಟು ಕೇಳುಗರಿಗೆ ತಿಳಿದದ್ದು ಪ್ರವಾಸದಲ್ಲಿ ಕಣ್ಣಾರೆ ಕಂಡಾಗ. ಆಗ ದಕ್ಷಿಣದ ಹೋಟೆಲುಗಳಲ್ಲಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ. ಅದೇ ಕಾರ್ಯಕ್ರಮದ ಬಿಳಿಯ ಬ್ಯಾಂಜೊ ವಾದಕ ಅಂಕಲ್ ಡೇವ್ ಮೇಕನ್ "ಇವನು ನನ್ನ ಆಳು" ಎಂದು ಸುಳ್ಳು ಹೇಳಿ ಒಳಗೆ ಕರೆದೊಯ್ದದ್ದುಂಟು. ಮುಂದೆ ಮೇರು ಹೆಸರಾದ ಗಾಯಕ ರಾಯ್ ಏಕಫ್, ಆರಂಭದ ದಿನಗಳಲ್ಲಿ ಜನ ಸೇರುತ್ತಿದ್ದದ್ದು ತನ್ನಿಂದಲ್ಲ, ಬೈಲಿಯಿಂದ ಎಂದು ಒಪ್ಪಿಕೊಂಡಿದ್ದರು.

1941ರಲ್ಲಿ ಆದದ್ದಿಷ್ಟು. ಹಾಡುಗಳ ಹಕ್ಕು ನೋಡಿಕೊಳ್ಳುತ್ತಿದ್ದ ಆಸ್ಕ್ಯಾಪ್ ಸಂಸ್ಥೆ ರೇಡಿಯೊ ಶುಲ್ಕ ಹೆಚ್ಚಿಸಲು ಪಟ್ಟುಹಿಡಿಯಿತು. ರೇಡಿಯೊದವರು ಬಿಎಂಐ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡು, ಜನವರಿ 1ರಿಂದ ಆಸ್ಕ್ಯಾಪ್‌ನ ಹಾಡುಗಳನ್ನು ಬಿತ್ತರಿಸುವುದನ್ನೇ ನಿಲ್ಲಿಸಿದರು. ಬೈಲಿಯವರ ಹೆಸರಾಂತ ತುಣುಕುಗಳು ಆ ಪಟ್ಟಿಯಲ್ಲಿದ್ದವು. ಹದಿನೈದು ವರ್ಷ "ರೈಲು ನುಡಿಸು" ಎಂದವರೇ ಈಗ ರೈಲು ಬೇಡ ಎಂದರು. ಆ ವರ್ಷವೇ ಅವರನ್ನು ತೆಗೆದರು. 1945ರಲ್ಲಿ ಹೇ ಬರೆದ ಪುಸ್ತಿಕೆಯಲ್ಲಿ 'ಸೋಮಾರಿ' ಎಂಬ ಮಾತು ಬಂತು. ನೀವು ಓದಿದ್ದರ ಮೂಲ ಅದೇ. ನಲವತ್ತೈದರ ಗಂಡಸನ್ನು ಅಲ್ಲಿ 'ಹುಡುಗ' ಎಂದು ಕರೆದಿದ್ದಾರೆ. ಗಿಟಾರ್, ಬ್ಯಾಂಜೊಗಳನ್ನೂ ಎಡಗೈಯಲ್ಲಿ ನುಡಿಸಬಲ್ಲವರಿಗೆ ಹೊಸದು ಕಲಿಯಲು ಬರುತ್ತಿರಲಿಲ್ಲ ಎಂಬುದನ್ನು ನಾವು ನಂಬುವುದಿಲ್ಲ. ಕಲಿತದ್ದನ್ನು ನುಡಿಸಲು ಅವಕಾಶ ಕೊಡದೆ, ಅದದೇ ತುಣುಕು ನುಡಿಸು ಎಂದವರು ಯಾರು ಎಂಬುದು ಸರಿಯಾದ ಪ್ರಶ್ನೆ. ತಮಗೆ ಸರಿಯಾಗಿ ದುಡ್ಡು ಕೊಡಬೇಕಾದ ದಿನ ಬರುತ್ತಿತ್ತು, ಅದಕ್ಕೆ ಈ ನೆಪ ಎಂದು ಬೈಲಿ ಕೊನೆಯವರೆಗೂ ಹೇಳುತ್ತಿದ್ದರು.

ಆಮೇಲೆ ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ಇಟ್ಟು ಸಂಸಾರ ಸಾಗಿಸಿದರು. 1974ರಲ್ಲಿ ಆಪ್ರಿ ಮತ್ತೆ ಕರೆದು ವೇದಿಕೆಗೆ ಹತ್ತಿಸಿತು. 1982ರ ಜುಲೈ 2ರಂದು ತೀರಿಕೊಂಡರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಹೆಸರು ಸೇರಿದ್ದು 2005ರಲ್ಲಿ.

ಅಭ್ಯಾಸಕ್ಕೆ 'ಪ್ಯಾನ್ ಅಮೆರಿಕನ್ ಬ್ಲೂಸ್'ನ ಅವರ 1927ರ ಬ್ರನ್ಸ್‌ವಿಕ್ ಮುದ್ರಿಕೆಯನ್ನೇ ಕೇಳಿ, ಗೀಚು ಸದ್ದಿಗೆ ಬೇಸರಿಸಬೇಡಿ. ಶೀಟಿಗಿಂತ ಹೆಚ್ಚಾಗಿ, ಶೀಟಿ ಮುಗಿದು ಚಕ್ರದ ಸದ್ದು ಮತ್ತೆ ಹಿಡಿದುಕೊಳ್ಳುವ ಜಾಗಕ್ಕೆ ಕಿವಿ ಕೊಡಿ. ಅಲ್ಲಿ ಒಂದು ಉಸಿರೂ ಜಾರಿಲ್ಲ.