ನಿಮ್ಮ ಲೇಖನದ ಅಸಲಿ ಕಥೆ ಒಂಬತ್ತನೇ ಪ್ಯಾರಾದಲ್ಲಿದೆ

ನಮಸ್ಕಾರ. ಜರ್ಮನಿಯ ಕೋಬುರ್ಗ್ ನಗರದ ಲಾಂಛನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ, ತುಂಬ ಚೆನ್ನಾಗಿದೆ.

ಮೊದಲ ಎರಡು ಪ್ಯಾರಾ ಪೂರ್ತಿ ಗಂಡಭೇರುಂಡ. ಕೋಬುರ್ಗಿಗೂ ಅದಕ್ಕೂ ಏನು ಸಂಬಂಧ? ಸುಮ್ನೆ ತೆಗೆದುಬಿಡಿ. ಆಮೇಲೆ 'ಚಿನ್ನದ ಬಣ್ಣ ಅಂದರೆ ಔದಾರ್ಯ, ಕಪ್ಪು ಅಂದರೆ ಸ್ಥೈರ್ಯ' ಅಂತ ಪಟ್ಟಿ ಕೊಟ್ಟಿದ್ದೀರಿ. ಇದನ್ನು ಯಾವ ಊರಿನ ಲಾಂಛನಕ್ಕೆ ಬೇಕಾದರೂ ಅಂಟಿಸಬಹುದು. ಅದೂ ಹೋಗಲಿ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಚಿನ್ನದ ಬಣ್ಣದ ಗುರಾಣಿಯ ಮೇಲೆ ಕಿವಿಗೆ ಓಲೆ ಹಾಕಿಕೊಂಡ ಕಪ್ಪು ತಲೆ ಇದೆಯಲ್ಲ, ಅದು ಕ್ರುಸೇಡಿನಲ್ಲಿ, ಅಂದರೆ ಮಧ್ಯಯುಗದ ಕ್ರೈಸ್ತರ ಧರ್ಮಯುದ್ಧದಲ್ಲಿ, ಸೆರೆಸಿಕ್ಕ ಗುಲಾಮನದು ಎಂದಿದ್ದೀರಿ. ಅಲ್ಲ. ಅವನು ಸಂತ ಮಾರಿಸ್, ಊರು ಕಾಯುವ ಸಂತ. ಅಲ್ಲಿನ ದೊಡ್ಡ ಚರ್ಚು ಇರುವುದೂ ಅವನ ಹೆಸರಿನಲ್ಲೇ. ಐತಿಹ್ಯದಲ್ಲಿ ಅವನು ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ಸೇನಾನಾಯಕ. ಕ್ರೈಸ್ತರ ಮೇಲೆ ಕತ್ತಿ ಎತ್ತಲು ಒಪ್ಪದೆ ಪ್ರಾಣ ಕೊಟ್ಟವನು. ಕಲಾವಿದರು ಬಹಳ ಕಾಲ ಅವನನ್ನು ಬಿಳಿಯನಾಗಿಯೇ ತೋರಿಸುತ್ತಿದ್ದರು. ಸುಮಾರು 1240ರ ಹೊತ್ತಿಗೆ ಜರ್ಮನಿಯದೇ ಇನ್ನೊಂದು ನಗರ ಮ್ಯಾಗ್ಡೆಬುರ್ಗ್‌ನ ಕೆಥೆಡ್ರಲ್‌ಗೆ ಮೂರ್ತಿ ಮಾಡಿದ ಶಿಲ್ಪಿ ಅವನನ್ನು ಕವಚ ತೊಟ್ಟ ಆಫ್ರಿಕನ್ ಯೋಧನಾಗಿ ಕಡೆದ. ನಿಮ್ಮ ಲೇಖನದಲ್ಲಿ ಆ ಮೂರ್ತಿಯ ಸುದ್ದಿಯೇ ಇಲ್ಲ!

ಇನ್ನು ಒಂಬತ್ತನೇ ಪ್ಯಾರಾ. 1934ರಲ್ಲಿ ನಾಜಿಗಳು ಮಾರಿಸ್‌ನನ್ನು ಕಿತ್ತುಹಾಕಿ, ಹಿಡಿಯಲ್ಲಿ ಸ್ವಸ್ತಿಕವಿದ್ದ ಕತ್ತಿಯನ್ನು ಲಾಂಛನ ಮಾಡಿದರು. ಇಷ್ಟು ದೊಡ್ಡ ಸಂಗತಿಗೆ ನೀವು ಕೊಟ್ಟಿರುವುದು ಒಂದೇ ಸಾಲು. ಅದೂ ಎಂಥ ಊರಿನಲ್ಲಿ? 1929ರಲ್ಲೇ ನಗರಸಭೆಯ 25 ಸ್ಥಾನಗಳಲ್ಲಿ 13 ಕೊಟ್ಟು, ಜರ್ಮನಿಯಲ್ಲೇ ಮೊದಲು ನಾಜಿಗಳಿಗೆ ಬಹುಮತ ತಂದ ಊರಿನಲ್ಲಿ. 1945ರಲ್ಲಿ ಯುದ್ಧ ಮುಗಿದ ಮೇಲೆ ಮಾರಿಸ್ ವಾಪಸ್ ಬಂದ. ಈಗ ಬೀದಿಯ ಚರಂಡಿ ಮುಚ್ಚಳದ ಮೇಲೂ ಅವನದೇ ಮುಖ. 2020ರಲ್ಲಿ ಮತ್ತೆ ಜಗಳ ಶುರುವಾಯಿತು. ದಪ್ಪ ತುಟಿ, ಓಲೆಯ ಈ ಚಿತ್ರ ಕಪ್ಪು ಜನರಿಗೆ ಅವಮಾನ ಎಂದರು ಕೆಲವರು. ನಾಜಿಗಳು ತೆಗೆದದ್ದನ್ನು ನಾವೂ ತೆಗೆಯಬೇಕಾ ಎಂದರು ಇನ್ನು ಕೆಲವರು. ನನಗಂತೂ ಎರಡರಲ್ಲೂ ಹುರುಳಿದೆ ಅನಿಸುತ್ತದೆ. ನಿಮಗೆ? ಅದನ್ನು ಬರೆಯಲು ನೀವು ಹೆದರಿದ್ದೀರಿ ಅಲ್ವಾ?

1934ರಿಂದಲೇ ಶುರು ಮಾಡಿ. ಸಂತನ ಐತಿಹ್ಯ ಆಮೇಲೆ ಬರಲಿ, ಉದ್ದ ಅರ್ಧಕ್ಕೆ ಇಳಿಯಲಿ. ಮ್ಯಾಗ್ಡೆಬುರ್ಗ್ ಮೂರ್ತಿಯದೊಂದು ಒಳ್ಳೆಯ ಫೋಟೋ ಹುಡುಕಿ, ಬಳಸಲು ಅನುಮತಿ ಪಡೆದು ಜೊತೆಗೆ ಕಳಿಸಿ.