ಬೆಳಿಗ್ಗೆ ಸ್ಕೂಬಾ ಡೈವಿಂಗ್ ಮಾಡಿ ಅದೇ ಸಂಜೆ ಸ್ಕೈಡೈವಿಂಗ್ ಮಾಡಬಹುದೇ?

ಬೇಡ. ಒಂದೇ ದಿನ ಕಡಲನ್ನೂ ಆಕಾಶವನ್ನೂ ನೋಡುವ ಆಸೆ ಸಹಜ, ಆದರೆ ರಕ್ತದಲ್ಲಿ ಕರಗಿದ ಸಾರಜನಕಕ್ಕೆ ನಿಮ್ಮ ರಜೆಯ ಲೆಕ್ಕ ತಿಳಿಯದು.

ನೀರಿನಲ್ಲಿ 30 ಮೀಟರ್ ಇಳಿದರೆ ಒತ್ತಡ ಮೇಲ್ಮೈಗಿಂತ ನಾಲ್ಕು ಪಟ್ಟಾಗುತ್ತದೆ. ಆಗ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಕೊಬ್ಬು, ಕೀಲುಗಳಲ್ಲಿ ಕರಗಿ ಕೂರುತ್ತದೆ; ಪೂರ್ತಿ ಹೊರಹೋಗಲು ಅನೇಕ ಗಂಟೆಗಳು ಬೇಕು. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿ ಮುಚ್ಚಿರುವವರೆಗೆ ಒಳಗೆಲ್ಲ ಶಾಂತ. ಹೆಬ್ಬೆರಳಿನಿಂದ ಒತ್ತಿದೊಡನೆ ಬುಸ್ಸೆಂದು ಗುಳ್ಳೆ. ಆ ಹೆಬ್ಬೆರಳಿನ ಕೆಲಸವನ್ನು ಇಲ್ಲಿ ಜಿಗಿತದ ವಿಮಾನ ಮಾಡುತ್ತದೆ. ಅದು ಏರುವ 10,000 ಅಡಿಯಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಮೂರನೇ ಎರಡರಷ್ಟು ಮಾತ್ರ.

ಗುಳ್ಳೆಗಳು ಕೀಲು ಸೇರಿದರೆ ನೋವು, ಬೆನ್ನುಹುರಿ ಸೇರಿದರೆ ಕಾಲಿನ ಸ್ವಾಧೀನವೇ ತಪ್ಪಬಹುದು. ಭುಜ ನೋಯುತ್ತಿದ್ದರೆ ಸಿಲಿಂಡರ್ ಹೊತ್ತ ಆಯಾಸವೆಂದು ಮುಲಾಮು ಹಚ್ಚಿ ಮಲಗಬೇಡಿ. ಆಮ್ಲಜನಕ ಪಡೆಯುತ್ತಾ ವೈದ್ಯರ ಬಳಿಗೆ ಹೋಗಿ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ ಒಂದೇ ಸಾಧಾರಣ ಮುಳುಗಿನ ನಂತರ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದ್ದರೆ 18 ಗಂಟೆ ಕಾಯಬೇಕು. ಮೇಲೇರುವಾಗ ಅಲ್ಲಲ್ಲಿ ನಿಂತು ಬರಲೇಬೇಕಾದಷ್ಟು ಆಳಕ್ಕೆ ಹೋದವರು ಇನ್ನೂ ಹೆಚ್ಚು ಹೊತ್ತು ಕಾಯಬೇಕು. ನಾನಾದರೆ ಪೂರ್ತಿ 24 ಗಂಟೆ ಬಿಡುತ್ತೇನೆ. ಸಂಸ್ಥೆ ಹೇಳುವುದು ಕನಿಷ್ಠ ಲೆಕ್ಕ, ಖಾತರಿಯಲ್ಲ. ನೇತ್ರಾಣಿಯಲ್ಲಿ ಮುಳುಗಿ ರಾತ್ರಿಯೇ ಮಂಗಳೂರಿನಿಂದ ವಿಮಾನ ಹಿಡಿಯುವವರಿಗೂ ಇದು ಅನ್ವಯಿಸುತ್ತದೆ.

ಎರಡೂ ಬೇಕೇ ಬೇಕೆಂದರೆ ಮೊದಲು ಜಿಗಿಯಿರಿ, ಮರುದಿನ ಮುಳುಗಿ.